‘ಗಾಡಿ ಜಗ್ಗುವುದು ನಾರ್ಮಲ್’ ಎಂದು ಶೋರೂಮ್‌ನವರು ಅಂದರೆ ಮುಂದೇನು?

ಪ್ರಶ್ನೆ: 13 ತಿಂಗಳ ಹಿಂದೆ ಬೆಂಗಳೂರಿನಲ್ಲಿ ಟರ್ಬೊ ಪೆಟ್ರೋಲ್ ಎಂಜಿನ್, 7 ಗೇರಿನ ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್ ಕಾರು ಕೊಂಡೆ. ಆನ್‌ರೋಡ್ 16.4 ಲಕ್ಷ ಆಯಿತು. ಈಗ 14,200 ಕಿ.ಮೀ. ಓಡಿದೆ. ನಾನಿರುವುದು ಶಿವಮೊಗ್ಗದಲ್ಲಿ. ಟ್ರಾಫಿಕ್‌ನಲ್ಲಿ ನಿಧಾನಕ್ಕೆ ಹೋಗುವಾಗ ಗಾಡಿ ಜಗ್ಗುತ್ತದೆ, ಇಡೀ ಬಾಡಿ ನಡುಗಿದ ಹಾಗಾಗುತ್ತದೆ. ಒಮ್ಮೆ ಆಗುಂಬೆ ಘಾಟಿ ಹತ್ತುವಾಗ ಗೇರ್‌ಬಾಕ್ಸ್ ಬಿಸಿಯಾಗಿದೆ ಎಂಬ ಎಚ್ಚರಿಕೆ ಬಂತು. ಮೂರು ಸಲ ಸರ್ವಿಸ್ ಸೆಂಟರ್‌ಗೆ ಬಿಟ್ಟಿದ್ದೇನೆ. ಮೊದಲ ಸಲ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರು. ಎರಡನೇ ಸಲ ‘ಏನೂ ಸಿಗಲಿಲ್ಲ’ ಅಂದರು. ಮೂರನೇ ಸಲ ‘ಈ ಗೇರ್‌ಬಾಕ್ಸ್ ಇರುವುದೇ ಹೀಗೆ, ನೀವು ಓಡಿಸುವ ರೀತಿ ಬದಲಾಯಿಸಿಕೊಳ್ಳಿ’ ಅಂದರು. ಗಾಡಿ ಹಿಂದಿರುಗಿಸಿ ದುಡ್ಡು ವಾಪಸ್ ಪಡೆಯಲು ಸಾಧ್ಯವೇ?

ಉತ್ತರ: ದುಡ್ಡು ವಾಪಸ್ ಕೇಳುವುದನ್ನು ಸದ್ಯಕ್ಕೆ ಬದಿಗಿಡಿ. ಮೊದಲು ಮೂರೂ ಜಾಬ್ ಕಾರ್ಡ್ ಹೊರಗೆ ತೆಗೆದು, ಗ್ರಾಹಕರ ದೂರು ಎಂಬ ಜಾಗದಲ್ಲಿ ಏನು ಬರೆದಿದ್ದಾರೆ ನೋಡಿ. ‘ಜನರಲ್ ಚೆಕಪ್’ ಎಂದೋ ‘ಜರ್ಕಿಂಗ್, ಚೆಕ್ಡ್ ಓಕೆ’ ಎಂದೋ ಇರುವ ಸಾಧ್ಯತೆಯೇ ಹೆಚ್ಚು. ಹಾಗಿದ್ದರೆ ಕಂಪನಿಯ ದಾಖಲೆಯಲ್ಲಿ ನಿಮ್ಮ ಗಾಡಿಗೆ ಇವತ್ತಿನ ತನಕ ಒಂದು ತೊಂದರೆಯೂ ಇಲ್ಲ. ನೀವು ಕೌಂಟರ್‌ನಲ್ಲಿ ಎಷ್ಟು ಹೊತ್ತು ಮಾತಾಡಿದಿರಿ, ಎಷ್ಟು ಸಲ ಫೋನ್ ಮಾಡಿದಿರಿ ಎನ್ನುವುದಕ್ಕೆ ಎಲ್ಲಿಯೂ ಗುರುತು ಉಳಿದಿರುವುದಿಲ್ಲ. ನಾಳೆ ಗ್ರಾಹಕರ ಆಯೋಗಕ್ಕೆ ಹೋದರೂ ಮೊದಲು ಕೇಳುವುದು ಆ ಕಾಗದಗಳನ್ನೇ.

ಗೇರ್‌ಬಾಕ್ಸ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಅದು ಗೊತ್ತಿದ್ದರೆ ಸರ್ವಿಸ್ ಅಡ್ವೈಸರ್ ಜೊತೆಗಿನ ಮಾತು ಬೇರೆಯೇ ಆಗುತ್ತದೆ. ನಿಮ್ಮದು ಡ್ರೈ ಕ್ಲಚ್ ಎಂದುಕೊಂಡು ಬರೆಯುತ್ತಿದ್ದೇನೆ. ಈ ಬೆಲೆಯ 7 ಗೇರಿನ ಕಾರುಗಳಲ್ಲಿ ಹೆಚ್ಚಿನವು ಅವೇ. ಮ್ಯಾನುಯಲ್‌ನಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಿ. ಒಳಗೆ ಎರಡು ಕ್ಲಚ್ ಇರುತ್ತವೆ. ಸಾಮಾನ್ಯವಾಗಿ ಒಂದು 1, 3, 5, 7ನೇ ಗೇರುಗಳಿಗೆ. ಇನ್ನೊಂದು 2, 4, 6 ಮತ್ತು ರಿವರ್ಸ್‌ಗೆ. ಕ್ಲಚ್ ಒತ್ತುವ, ಬಿಡುವ ಕೆಲಸವನ್ನು ನಿಮ್ಮ ಎಡಗಾಲಿನ ಬದಲು ಕಂಪ್ಯೂಟರ್ ಮಾಡುತ್ತದೆ. ವೆಟ್ ಕ್ಲಚ್‌ನಲ್ಲಿ ತಟ್ಟೆಗಳು ಎಣ್ಣೆಯಲ್ಲಿ ಮುಳುಗಿ ತಣ್ಣಗಿರುತ್ತವೆ. ಡ್ರೈ ಕ್ಲಚ್‌ಗೆ ಸುತ್ತಲಿನ ಗಾಳಿಯೇ ಗತಿ. ಟ್ರಾಫಿಕ್‌ನಲ್ಲಿ ಗಂಟೆಗೆ 5–6 ಕಿ.ಮೀ. ವೇಗದಲ್ಲಿ ಗಾಡಿ ತೆವಳುವಾಗ ಮೊದಲ ಗೇರಿನ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತಾ ಉಜ್ಜುತ್ತಲೇ ಇರುತ್ತದೆ. ಬಿಸಿ ಏರುತ್ತಾ ಹೋದರೆ ಉಜ್ಜುವ ಮೇಲ್ಮೈ ಗಾಜಿನ ಹಾಗೆ ನುಣುಪಾಗಿ, ಒಂದೇ ಸಮ ಹಿಡಿಯುವುದನ್ನು ಬಿಟ್ಟು ಹಿಡಿದು ಬಿಟ್ಟು ಮಾಡುತ್ತದೆ. ನಿಮಗೆ ಸೀಟಿನಲ್ಲಿ ಗೊತ್ತಾಗುವ ನಡುಕ ಅದೇ. ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ (ಕ್ಲಚ್‌ನಿಂದ ಗೇರುಗಳಿಗೆ ಬಲ ಒಯ್ಯುವ ದಂಡ) ಸೀಲ್ ಸೋರಿ ಕ್ಲಚ್ ತಟ್ಟೆಗೆ ಎಣ್ಣೆ ತಗುಲಿದರೂ ಹೀಗೇ ನಡುಗುತ್ತದೆ. ಆಗ ಎಷ್ಟು ಸಾಫ್ಟ್‌ವೇರ್ ಹಾಕಿದರೂ ಕೆಲವು ನೂರು ಕಿಲೋಮೀಟರ್ ಆದಮೇಲೆ ತೊಂದರೆ ಮರಳಿ ಬರುತ್ತದೆ, ಏಕೆಂದರೆ ಎಣ್ಣೆ ಕುಡಿದ ತಟ್ಟೆ ತನ್ನಷ್ಟಕ್ಕೆ ಒಣಗುವುದಿಲ್ಲ.

ಹಾಗಂತ ಎಲ್ಲ ಜಗ್ಗಾಟವೂ ದೋಷವಲ್ಲ, ಇದನ್ನು ನೀವೂ ಒಪ್ಪಿಕೊಳ್ಳಬೇಕು. ಬೆಳಿಗ್ಗೆ ತಣ್ಣಗಿರುವಾಗ 1ರಿಂದ 2ನೇ ಗೇರಿಗೆ ಬೀಳುವಾಗ ಸಣ್ಣದೊಂದು ತಳ್ಳಾಟ, ನಿಧಾನ ಮಾಡಿ ಥಟ್ಟನೆ ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಅರೆಕ್ಷಣದ ತಡ, ಏರಿನಲ್ಲಿ ಬ್ರೇಕ್ ಬಿಟ್ಟಾಗ ಒಂದಿಷ್ಟು ಹಿಂದೆ ಸರಿಯುವುದು, ಇವೆಲ್ಲ ಈ ಗೇರ್‌ಬಾಕ್ಸ್‌ನ ಸ್ವಭಾವ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಸಮತಟ್ಟು ರಸ್ತೆಯಲ್ಲಿ, 10ರಿಂದ 25 ಕಿ.ಮೀ. ವೇಗದಲ್ಲಿ ಹಗುರವಾಗಿ ಎಳೆಸಿದಾಗಲೂ ಒಂದಾದ ಮೇಲೊಂದು ಅಲೆಯ ಹಾಗೆ ಬರುವ ನಡುಕ ಸ್ವಭಾವವಲ್ಲ. ಗೇರ್ ತೋರಿಸುವ ಅಂಕಿ ಮಿನುಗುವುದು, ಬೆಸ ಗೇರುಗಳು ಅಥವಾ ಸರಿ ಗೇರುಗಳು ಮಾತ್ರ ಬೀಳುವುದು, ಸಿಗ್ನಲ್‌ನಲ್ಲಿ ಎಳೆತವೇ ಇಲ್ಲದೆ ನಿಂತುಬಿಡುವುದು ಅಂತೂ ಖಂಡಿತ ಅಲ್ಲ.

ದೂರು ಬರೆಯುವ ಮೊದಲು ಇನ್ನೊಂದು ಪರೀಕ್ಷೆ ನೀವೇ ಮಾಡಿಕೊಳ್ಳಿ. ಸ್ಪಾರ್ಕ್ ಪ್ಲಗ್ ಅಥವಾ ಇಗ್ನಿಷನ್ ಕಾಯಿಲ್ ಕೈಕೊಟ್ಟರೂ ಗಾಡಿ ಜಗ್ಗುತ್ತದೆ, ಮತ್ತು ಎಷ್ಟೋ ಜನ ಅದನ್ನೇ ಗೇರ್‌ಬಾಕ್ಸ್ ತೊಂದರೆ ಎಂದುಕೊಂಡಿರುತ್ತಾರೆ. ಖಾಲಿ ರಸ್ತೆಯಲ್ಲಿ ಗೇರನ್ನು ಮ್ಯಾನುಯಲ್ ಮೋಡ್‌ಗೆ ಹಾಕಿ 3ನೇ ಗೇರಿನಲ್ಲಿ 2,000 ಆರ್‌ಪಿಎಂನಿಂದ ಜೋರಾಗಿ ಎಳೆಸಿ. ಆಗ ಕ್ಲಚ್ ಪೂರ್ತಿ ಹಿಡಿದಿರುತ್ತದೆ. ಜಗ್ಗಾಟ ಆಗಲೂ ಬಂದರೆ, 4ನೇ ಗೇರಿನಲ್ಲೂ ಹಾಗೆಯೇ ಬಂದರೆ, ಎಂಜಿನ್ ಕಡೆ ಹುಡುಕಬೇಕು. ಸ್ಕ್ಯಾನ್ ಹಾಕಿದರೆ ಪಿ0300ರಿಂದ ಪಿ0304ರ ಒಳಗಿನ ಮಿಸ್‌ಫೈರ್ (ಸಿಲಿಂಡರ್‌ನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು) ಕೋಡ್ ಸಿಗಬಹುದು. ಅಲ್ಲಿ ನಯವಾಗಿ ಎಳೆದು, ಹೊರಡುವಾಗ ಮತ್ತು ತೆವಳುವಾಗ ಮಾತ್ರ ನಡುಗಿದರೆ ಕ್ಲಚ್. ಆಮೇಲೆ ಸ್ವಲ್ಪ ಏರಿರುವ ಜಾಗದಲ್ಲಿ ರಿವರ್ಸ್ ಹಾಕಿ ನಿಧಾನಕ್ಕೆ ಹಿಂದೆ ಹತ್ತಿಸಿ. ರಿವರ್ಸ್‌ನಲ್ಲೂ 2ನೇ ಗೇರಿನಲ್ಲೂ ನಡುಗಿ, 1ರಲ್ಲಿ ನಡುಗದಿದ್ದರೆ 2, 4, 6 ಮತ್ತು ರಿವರ್ಸ್‌ನ ಕ್ಲಚ್ ಮೇಲೆ ಅನುಮಾನ ಪಡಬಹುದು. ಇಷ್ಟನ್ನು ನೀವು ಹೇಳಿದರೆ ಅನುಭವಿ ಟೆಕ್ನಿಷಿಯನ್ ತಕ್ಷಣ ಕಿವಿಗೊಡುತ್ತಾರೆ.

ಈಗ ‘ಓಡಿಸುವ ರೀತಿ’ ಎಂಬ ಉತ್ತರಕ್ಕೆ ಬರೋಣ. ಅದರಲ್ಲಿ ಸ್ವಲ್ಪ ನಿಜ ಇದೆ. ಏರಿನಲ್ಲಿ ಬ್ರೇಕ್ ಬದಲು ಆಕ್ಸಿಲರೇಟರ್‌ನಲ್ಲೇ ಗಾಡಿ ತಡೆದು ನಿಲ್ಲಿಸುವುದು ಡ್ರೈ ಕ್ಲಚ್‌ಗೆ ತುಂಬಾ ಕೆಟ್ಟದ್ದು. ಬ್ರೇಕ್ ಅರ್ಧ ಒತ್ತಿ ಇಂಚಿಂಚು ಮುಂದೆ ಸರಿಯುವುದೂ ಅಷ್ಟೇ. ಬ್ರೇಕ್ ಪೂರ್ತಿ ಒತ್ತಿದರೆ ಕ್ಲಚ್ ತಾನಾಗಿ ಬಿಡುತ್ತದೆ, ಹಾಗಾಗಿ ಪ್ರತಿ ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ಹಾಕುವ ಅಗತ್ಯವಿಲ್ಲ. ಮುಂದಿನ ಗಾಡಿ ಒಂದೂವರೆ–ಎರಡು ಗಾಡಿಯಷ್ಟು ದೂರ ಹೋಗಲಿ, ಆಮೇಲೆ ಒಂದೇ ಸಲ ಹೊರಡಿ. ಘಾಟಿಯಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡಾಗ ಮ್ಯಾನುಯಲ್‌ನಲ್ಲಿ 1ನೇ ಗೇರನ್ನೇ ಹಿಡಿದಿಡಿ. ಎರಡು ವಾರ ಹೀಗೆ ಓಡಿಸಿ ನೋಡಿ. ಆಮೇಲೂ ನಡುಕ ಹೋಗದಿದ್ದರೆ ‘ಹೇಳಿದಂತೆ ಓಡಿಸಿಯೂ ತೊಂದರೆ ಹಾಗೇ ಇದೆ’ ಎಂದು ದೂರಿನಲ್ಲೇ ಬರೆಯಬಹುದು, ಅವರ ಕೈಯಲ್ಲಿದ್ದ ದೊಡ್ಡ ನೆಪ ಅಲ್ಲಿಗೆ ಮುಗಿಯಿತು.

‘ಓಡಿಸುವ ರೀತಿ’ ಎಂಬ ಈ ಉತ್ತರಕ್ಕೆ ಒಂದು ಇತಿಹಾಸವೂ ಇದೆ, ಅದು ನಿಮಗೆ ಗೊತ್ತಿರಲಿ. ಆಸ್ಟ್ರೇಲಿಯಾದಲ್ಲಿ ಫೋರ್ಡ್‌ನ ಫಿಯೆಸ್ಟಾ, ಫೋಕಸ್, ಇಕೋಸ್ಪೋರ್ಟ್ ಕಾರುಗಳ ಪವರ್‌ಶಿಫ್ಟ್ ಎಂಬ 6 ಗೇರಿನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ನಡುಗುತ್ತಿತ್ತು. ತೊಂದರೆ ಗುಣಮಟ್ಟದ್ದೆಂದು ಕಂಪನಿಗೆ ಗೊತ್ತಿದ್ದೂ, ದೂರು ಕೊಟ್ಟವರಿಗೆ ‘ನೀವು ಓಡಿಸುವ ಶೈಲಿಯಿಂದ ಹೀಗಾಗುತ್ತಿದೆ’ ಎಂದು ಪದೇ ಪದೇ ಹೇಳಲಾಗಿತ್ತು. ಅಲ್ಲಿನ ಗ್ರಾಹಕ ಆಯೋಗ ನ್ಯಾಯಾಲಯಕ್ಕೆ ಹೋಯಿತು. 2018ರ ಏಪ್ರಿಲ್‌ನಲ್ಲಿ ಫೆಡರಲ್ ಕೋರ್ಟ್ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ದಂಡ ಬಿದ್ದದ್ದು ದೂರುಗಳನ್ನು ನಡೆಸಿಕೊಂಡ ರೀತಿಗೆ ಎಂಬುದನ್ನು ಗಮನಿಸಿ. ಅಮೆರಿಕದಲ್ಲಿ ಅದೇ ಕಂಪನಿ 2014ರಲ್ಲೇ ಈ ಗೇರ್‌ಬಾಕ್ಸ್‌ನ ಕ್ಲಚ್ ಮತ್ತು ಇನ್‌ಪುಟ್ ಶಾಫ್ಟ್ ಸೀಲ್‌ಗಳ ವಾರಂಟಿಯನ್ನು 7 ವರ್ಷ ಅಥವಾ 1 ಲಕ್ಷ ಮೈಲಿಗೆ ಏರಿಸಿತ್ತು. ಚೀನಾದಲ್ಲಿ 2013ರ ಮಾರ್ಚ್‌ನಲ್ಲಿ ಸರ್ಕಾರಿ ಟಿವಿ ವಾಹಿನಿಯೊಂದು ಫೋಕ್ಸ್‌ವ್ಯಾಗನ್‌ನ ಡಿಎಸ್‌ಜಿ ಎಂಬ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಬಗ್ಗೆ ಕಾರ್ಯಕ್ರಮ ಮಾಡಿದ ಕೆಲವೇ ದಿನಗಳಲ್ಲಿ 3,84,181 ಕಾರುಗಳನ್ನು ವಾಪಸ್ ಕರೆಸಲಾಯಿತು. ಬಿಸಿ ಮತ್ತು ತೇವದ ಹವೆ, ನಿಂತು ಹೊರಡುವ ಟ್ರಾಫಿಕ್, ಒಳಗಿದ್ದ ಸಿಂಥೆಟಿಕ್ ಎಣ್ಣೆ ಇವೆಲ್ಲ ಸೇರಿ ಗೇರ್‌ಬಾಕ್ಸ್‌ನ ವಿದ್ಯುತ್ ಭಾಗ ಶಾರ್ಟ್ ಆಗಬಹುದೆಂದು ಅದೇ ವರ್ಷದ ಕೊನೆಗೆ ಹಲವು ದೇಶಗಳಲ್ಲಿ ಎಣ್ಣೆಯನ್ನೇ ಬದಲಿಸಿ ಮಿನರಲ್ ಎಣ್ಣೆ ಹಾಕಿದರು. ಇವು ನಿಮ್ಮ ಗಾಡಿಗೆ ಪುರಾವೆಯಲ್ಲ. ಬೇರೆ ಕಂಪನಿ, ಬೇರೆ ಗೇರ್‌ಬಾಕ್ಸ್ ಇರಬಹುದು. ಆದರೆ ‘ಇರುವುದೇ ಹೀಗೆ’ ಎಂದು ಯಾರಾದರೂ ಅಂದಾಗ ಸುಮ್ಮನೆ ತಲೆ ಆಡಿಸಬೇಕಾಗಿಲ್ಲ.

ನಾಲ್ಕನೇ ಸಲ ಗಾಡಿ ಬಿಡುವ ದಿನ ಹೀಗೆ ಮಾಡಿ. ದೂರನ್ನು ಮನೆಯಲ್ಲೇ ಬರೆದು ಪ್ರಿಂಟ್ ತೆಗೆದುಕೊಂಡು ಹೋಗಿ: ‘ಎಂಜಿನ್ ಬಿಸಿಯಾದ ಮೇಲೆ, ಸುಮಾರು 30 ನಿಮಿಷ ಊರೊಳಗೆ ಓಡಿಸಿದ ನಂತರ, ಸಮತಟ್ಟು ರಸ್ತೆಯಲ್ಲಿ 15ರಿಂದ 25 ಕಿ.ಮೀ. ವೇಗದಲ್ಲಿ, ಡಿ ಮೋಡ್‌ನಲ್ಲಿ 2ನೇ ಗೇರಿನಲ್ಲಿದ್ದಾಗ, ಹಗುರವಾಗಿ ಆಕ್ಸಿಲರೇಟರ್ ಒತ್ತಿದರೆ 3–4 ಸೆಕೆಂಡ್ ಇಡೀ ಗಾಡಿ ನಡುಗುತ್ತದೆ. ರಿವರ್ಸ್‌ನಲ್ಲಿ ಏರು ಹತ್ತಿಸುವಾಗಲೂ ನಡುಗುತ್ತದೆ. ಈ ಹಿಂದೆ ಮೂರು ಬಾರಿ ದೂರು ಕೊಟ್ಟಿದ್ದೇನೆ, ಗೇರ್‌ಬಾಕ್ಸ್ ಬಿಸಿಯಾದ ಎಚ್ಚರಿಕೆ ಒಮ್ಮೆ ಬಂದಿದೆ.’ ನಿಮ್ಮ ಪರೀಕ್ಷೆಯಲ್ಲಿ ನಿಜವಾಗಿ ಕಂಡದ್ದಷ್ಟನ್ನೇ ಬರೆಯಿರಿ. ಹಳೆಯ ಜಾಬ್ ಕಾರ್ಡ್‌ಗಳ ನಂಬರ್, ತಾರೀಖು, ಆಗಿನ ಕಿ.ಮೀ. ಕೆಳಗೆ ಸೇರಿಸಿ. ಇದೇ ಮಾತುಗಳು ಜಾಬ್ ಕಾರ್ಡ್‌ನಲ್ಲಿ ಬರಬೇಕು. ಜಾಗ ಸಾಲದು ಅಂದರೆ ‘ಲಗತ್ತಿಸಿದ ಪತ್ರ ನೋಡಿ’ ಎಂದು ಬರೆಸಿ, ನಿಮ್ಮ ಪ್ರತಿಯ ಮೇಲೆ ಶೋರೂಮ್ ಸೀಲು, ಸಹಿ ಹಾಕಿಸಿಕೊಳ್ಳಿ.

ಸ್ಕ್ಯಾನ್ ಹಾಕಿದರೆ ಕೋಡ್ ಅಳಿಸುವ ಮೊದಲು ಅದರ ಪ್ರಿಂಟ್ ಅಥವಾ ಸ್ಕ್ರೀನ್ ಫೋಟೊ ಕೇಳಿ. ಕೋಡ್ ಅಳಿಸಿದ ಮೇಲೆ, ತೊಂದರೆ ಬಂದ ಕ್ಷಣದ ವೇಗ, ಆರ್‌ಪಿಎಂ, ತಾಪಮಾನದ ದಾಖಲೆಯೂ ಅದರ ಜೊತೆಗೇ ಹೋಗುತ್ತದೆ. ಕ್ಲಚ್ ಅಡಾಪ್ಟೇಷನ್ (ಕ್ಲಚ್ ಎಲ್ಲಿ ಹಿಡಿಯುತ್ತದೆಂದು ಕಂಪ್ಯೂಟರ್‌ಗೆ ಹೊಸದಾಗಿ ಕಲಿಸುವುದು) ಮಾಡಿದರೆ ಮೊದಲಿನ ಮತ್ತು ನಂತರದ ಅಂಕಿ, ಸಾಫ್ಟ್‌ವೇರ್ ಹಾಕಿದರೆ ಹಳೆಯ ಮತ್ತು ಹೊಸ ವರ್ಷನ್ ನಂಬರ್ ಬಿಲ್‌ನಲ್ಲಿ ಬರೆಸಿ. ಇನ್ನೊಂದು ಪ್ರಶ್ನೆಯನ್ನು ತಪ್ಪದೆ ಕೇಳಿ: ‘ನನ್ನ ಚಾಸಿ ನಂಬರ್‌ಗೆ ಯಾವುದಾದರೂ ಸರ್ವಿಸ್ ಕ್ಯಾಂಪೇನ್ ಬಾಕಿ ಇದೆಯೇ?’ ಸುರಕ್ಷತೆಯ ದೋಷವಾದರೆ ರೀಕಾಲ್ ಎಂದು ಘೋಷಿಸುತ್ತಾರೆ. ಅಷ್ಟಿಲ್ಲದ ದೋಷಗಳಿಗೆ ಕಂಪನಿ ಡೀಲರುಗಳಿಗೆ ಮಾತ್ರ ಸೂಚನೆ ಕಳಿಸಿ, ಕೇಳಿದವರಿಗೆ ಅಥವಾ ಸರ್ವಿಸ್‌ಗೆ ಬಂದವರಿಗೆ ಭಾಗ ಬದಲಿಸಿ ಕೊಡುವುದುಂಟು. ಕೇಳದಿದ್ದರೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. 17 ಅಕ್ಷರಗಳ ಚಾಸಿ ನಂಬರನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿ ರೀಕಾಲ್ ಇದೆಯೇ ಎಂದು ನೀವೂ ನೋಡಿಕೊಳ್ಳಿ.

ಟ್ರಯಲ್‌ಗೆ ಟೆಕ್ನಿಷಿಯನ್ ಜೊತೆ ನೀವೂ ಹೋಗಲೇಬೇಕು. ರಾತ್ರಿಯಿಡೀ ನಿಂತು ತಣ್ಣಗಾದ ಗಾಡಿಯನ್ನು ಬೆಳಿಗ್ಗೆ ಎರಡು ಕಿ.ಮೀ. ಓಡಿಸಿ ‘ಏನೂ ಇಲ್ಲ ಸರ್’ ಅನ್ನುವುದರಿಂದಲೇ ನಿಮ್ಮ ಎರಡನೇ ಜಾಬ್ ಕಾರ್ಡ್ ಹಾಗೆ ಬಂದಿರಬಹುದು. ಮಧ್ಯಾಹ್ನದ ಹೊತ್ತು, ಮುಕ್ಕಾಲು ಗಂಟೆ ಊರೊಳಗೆ ಓಡಿಸಿ, ಎಂಜಿನ್ ಆಫ್ ಮಾಡದೆ ಸೀದಾ ಸರ್ವಿಸ್ ಸೆಂಟರ್ ಗೇಟಿಗೆ ಹೋಗಿ. ಮೊದಲು ನೀವು ಓಡಿಸಿ ತೋರಿಸಿ, ಆಮೇಲೆ ಅವರು ಓಡಿಸಲಿ. ನಡುಕ ಬಂದಾಗ ಪಕ್ಕದಲ್ಲಿ ಕೂತವರು ವಿಡಿಯೊ ಮಾಡಲಿ. ಸ್ಪೀಡ್, ಆರ್‌ಪಿಎಂ ಮುಳ್ಳು, ಗೇರ್ ಅಂಕಿ ಮೂರೂ ಒಂದೇ ಚಿತ್ರದಲ್ಲಿ ಕಾಣಬೇಕು. ಆರ್‌ಪಿಎಂ ಮುಳ್ಳು ಸಣ್ಣಗೆ ಮೇಲೆ ಕೆಳಗೆ ಅದುರುವುದು ಅದರಲ್ಲಿ ಸ್ಪಷ್ಟವಾಗಿ ಸಿಕ್ಕಿಬಿಡುತ್ತದೆ. ಸ್ಟೀರಿಂಗ್ ಹಿಡಿದವರು ಫೋನ್ ಮುಟ್ಟಬೇಡಿ. ಟ್ರಯಲ್ ಮುಗಿದ ಮೇಲೆ ‘ಜಂಟಿ ಟ್ರಯಲ್‌ನಲ್ಲಿ ನಡುಕ ಕಂಡುಬಂದಿದೆ’ ಎಂಬ ಒಂದು ಸಾಲನ್ನು ಜಾಬ್ ಕಾರ್ಡ್‌ಗೆ ಹಾಕಿಸಿ. ಈ ಒಂದು ಸಾಲಿನ ತೂಕ ನೀವು ಕಳಿಸುವ ಹತ್ತು ಇಮೇಲ್‌ಗಿಂತ ಹೆಚ್ಚು.

ಗಾಡಿ ವಾಪಸ್ ಕೊಡುವಾಗ ಒಂದು ಕಾಗದಕ್ಕೆ ಸಹಿ ಹಾಕಿಸುತ್ತಾರಲ್ಲ, ‘ಕೆಲಸ ತೃಪ್ತಿಕರವಾಗಿದೆ’ ಅಂತ, ಅದಕ್ಕೆ ಕಣ್ಣು ಮುಚ್ಚಿ ಸಹಿ ಹಾಕಬೇಡಿ. ಎಷ್ಟೋ ಗಟ್ಟಿಯಾದ ಪ್ರಕರಣಗಳು ದುರ್ಬಲವಾಗುವುದು ಅಲ್ಲೇ. ಪ್ರತಿ ಸಲವೂ ಗ್ರಾಹಕರು ತೃಪ್ತರಾಗಿ ಗಾಡಿ ತೆಗೆದುಕೊಂಡು ಹೋಗಿದ್ದಾರೆ ಎಂದು ಕಂಪನಿಯ ವಕೀಲರು ಅದನ್ನೇ ತೋರಿಸುತ್ತಾರೆ. ಸಹಿಯ ಮೇಲೆ ನಿಮ್ಮ ಕೈಬರಹದಲ್ಲೇ ‘ಗೇರ್‌ಬಾಕ್ಸ್ ನಡುಕ ಪರಿಹಾರವಾಗಿಲ್ಲ’ ಅಥವಾ ‘500 ಕಿ.ಮೀ. ಓಡಿಸಿ ನೋಡಿ ತಿಳಿಸುತ್ತೇನೆ’ ಎಂದು ಬರೆದು ತಾರೀಖು ಹಾಕಿ, ಫೋಟೊ ತೆಗೆದಿಟ್ಟುಕೊಳ್ಳಿ.

ಇಷ್ಟಾದ ಮೇಲೆ ಕಂಪನಿಯ ಕಸ್ಟಮರ್ ಕೇರ್‌ಗೆ ಇಮೇಲ್ ಕಳಿಸಿ ಟಿಕೆಟ್ ನಂಬರ್ ಪಡೆಯಿರಿ, ಡೀಲರ್‌ನ ಸರ್ವಿಸ್ ಮ್ಯಾನೇಜರ್‌ಗೂ ಒಂದು ಪ್ರತಿ ಇರಲಿ. ಕೋಪ ಬೇಡ, ಉದ್ದ ಬೇಡ. ನಾಲ್ಕು ಭೇಟಿಯ ತಾರೀಖು, ವಿಡಿಯೊ, ಸ್ಕ್ಯಾನ್ ಪ್ರಿಂಟ್ ಸಾಕು. ಮೂರು ಬೇಡಿಕೆ ಇಡಿ: ಕಂಪನಿಯ ಏರಿಯಾ ಸರ್ವಿಸ್ ಮ್ಯಾನೇಜರ್ ಖುದ್ದು ಗಾಡಿ ನೋಡಬೇಕು, ಇನ್‌ಪುಟ್ ಶಾಫ್ಟ್‌ನ ವೇಗದ ಏರಿಳಿತವನ್ನು ಕಂಪನಿಯ ಉಪಕರಣದಲ್ಲಿ ಅಳೆದು, ಎಷ್ಟು ಬಂತು, ಕಂಪನಿಯ ಮಿತಿ ಎಷ್ಟು ಎಂದು ತಿಳಿಸಬೇಕು, ‘ಇದು ನಾರ್ಮಲ್’ ಎಂಬುದೇ ಕಂಪನಿಯ ನಿಲುವಾದರೆ ಅದನ್ನು ಲಿಖಿತವಾಗಿ ಕೊಡಬೇಕು. ಈ ಮೂರನೆಯದು ತುಂಬಾ ಕೆಲಸ ಮಾಡುತ್ತದೆ. ಬಾಯಲ್ಲಿ ಸಲೀಸಾಗಿ ಹೇಳುವ ಮಾತನ್ನು ಲೆಟರ್‌ಹೆಡ್‌ನಲ್ಲಿ ಬರೆದು ಸಹಿ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. 15 ದಿನ ಸಮಯ ಕೊಡಿ.

ಅವರ ಕಡೆಯಿಂದ ಬರುವ ಉತ್ತರಗಳನ್ನೂ ಅರ್ಥ ಮಾಡಿಕೊಳ್ಳಬೇಕು. ‘ಪೆಟ್ರೋಲ್ ಸರಿಯಿಲ್ಲ’ ಅಂದರೆ ಸ್ಯಾಂಪಲ್ ತೆಗೆದು ಪರೀಕ್ಷೆಯ ವರದಿ ಕೊಡಲಿ. ಅಷ್ಟರಲ್ಲಿ ಎರಡು ಬೇರೆ ಬಂಕ್‌ಗಳಲ್ಲಿ ಹಾಕಿಸಿ ಬಿಲ್ ಇಟ್ಟುಕೊಳ್ಳಿ. ಟ್ಯಾಂಕ್ ಮುಚ್ಚಳದ ಬಳಿ ಇ20 (ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್) ಎಂದು ಕಂಪನಿಯೇ ಅಂಟಿಸಿದ್ದರೆ, ಎಥನಾಲ್ ಮೇಲೆ ಗೂಬೆ ಕೂರಿಸಲು ಬರುವುದಿಲ್ಲ. ‘ಪಾರ್ಟ್ ಆರ್ಡರ್ ಮಾಡಿದ್ದೇವೆ’ ಅಂದರೆ ದೋಷ ಒಪ್ಪಿಕೊಂಡ ಹಾಗೆ. ಆರ್ಡರ್ ನಂಬರ್ ಕೇಳಿ ಪಡೆಯಿರಿ. ‘ಗುಡ್‌ವಿಲ್ ಆಗಿ ಅರ್ಧ ಖರ್ಚು ನಾವು ಕೊಡುತ್ತೇವೆ’ ಎನ್ನುವುದು ವಾರಂಟಿ ಮುಗಿದವರಿಗೆ ಒಳ್ಳೆಯದೇ, ವಾರಂಟಿಯೊಳಗಿರುವ ನಿಮಗೆ ಅಲ್ಲ. ವಾರಂಟಿ ಪುಸ್ತಕದಲ್ಲಿ ಸವೆಯುವ ಭಾಗಗಳ ಪಟ್ಟಿಯನ್ನೂ ಓದಿ. ಬ್ರೇಕ್ ಪ್ಯಾಡ್, ವೈಪರ್ ಜೊತೆ ಕ್ಲಚ್ ತಟ್ಟೆಯೂ ಅಲ್ಲಿರಬಹುದು. ಇದ್ದರೆ ‘ಇದು ಸವೆತವಲ್ಲ, 14,000 ಕಿ.ಮೀ.ಯಲ್ಲಿ ಬಂದ ದೋಷ’ ಎಂದು ಮೊದಲೇ ಬರೆದಿಡಿ. ಎಕ್ಸ್‌ಟೆಂಡೆಡ್ ವಾರಂಟಿ ಕೊಳ್ಳುವ ಮೊದಲೂ ಆ ಸಾಲನ್ನೇ ನೋಡಬೇಕು.

ಇನ್ನು ನೀವು ಕೇಳಿದ ಪ್ರಶ್ನೆ. ದುಡ್ಡು ವಾಪಸ್ ಸಿಗುತ್ತದೆ, ಆದರೆ ಕಷ್ಟ. ಮಾರುತಿ ಉದ್ಯೋಗ್ ವಿರುದ್ಧದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ, ವಾರಂಟಿಯ ಷರತ್ತು ದೋಷದ ಭಾಗವನ್ನು ರಿಪೇರಿ ಅಥವಾ ಬದಲಿ ಮಾಡುವುದಕ್ಕೆ ಸೀಮಿತವಾಗಿರುವಾಗ ಇಡೀ ಗಾಡಿ ಬದಲಿಸಿಕೊಡಿ ಎನ್ನಲಾಗದು ಎಂದಿತು. ಕಂಪನಿಗಳು ಇಂದಿಗೂ ಹಿಡಿದುಕೊಳ್ಳುವುದು ಇದನ್ನೇ. ಎಂಜಿನ್ ಬದಲಿಸಿದ ಮೇಲೂ ತಕರಾರು ಉಳಿದಿದ್ದ ಫಿಯಟ್ ಕಾರಿನ ಪ್ರಕರಣದಲ್ಲಿ 2010ರಲ್ಲಿ ಅದೇ ನ್ಯಾಯಾಲಯ ಸ್ವತಂತ್ರ ತಜ್ಞರಿಂದ ಪರೀಕ್ಷೆ ಮಾಡಿಸಿ, ತಯಾರಿಕೆಯ ದೋಷ ಕಂಡರೆ ಬೆಲೆ ಹಿಂದಿರುಗಿಸಬೇಕೆಂದಿತು. 2022ರಲ್ಲಿ ಹ್ಯುಂಡೈ ಕ್ರೆಟಾದ ಏರ್‌ಬ್ಯಾಗ್ ತೆರೆಯದ ಪ್ರಕರಣದಲ್ಲಿ, ಡಿಕ್ಕಿಯ ಬಲ ಎಷ್ಟಿತ್ತೆಂದು ಗ್ರಾಹಕರು ಲೆಕ್ಕ ಹಾಕಿ ಹೇಳಬೇಕಾಗಿಲ್ಲ ಎಂದು ಹೇಳಿ, ಗಾಡಿ ಬದಲಿಸಿಕೊಡುವ ಆದೇಶವನ್ನು ಎತ್ತಿಹಿಡಿಯಿತು. ಸುರಕ್ಷತೆಯ ದೋಷಕ್ಕೂ ನಡುಕಕ್ಕೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಹಾಗಾಗಿ ಬೇಡಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಡಿ: ಮೊದಲು ಕ್ಲಚ್ ಜೋಡಿ ಮತ್ತು ಸೀಲ್‌ಗಳ ಬದಲಾವಣೆ, ಅದರಿಂದ ಆಗದಿದ್ದರೆ ಇಡೀ ಗೇರ್‌ಬಾಕ್ಸ್, ಜೊತೆಗೆ ಗೇರ್‌ಬಾಕ್ಸ್‌ಗೆ ಹೆಚ್ಚುವರಿ ವಾರಂಟಿ, ಕೊನೆಗೆ ಗಾಡಿ ಬದಲಿ ಅಥವಾ ಹಣ. ಹಣ ಮಾತ್ರ ಕೇಳಿದವರು ಬರಿಗೈಯಲ್ಲಿ ಬರುವ ಅಪಾಯ ಹೆಚ್ಚು.

ಕಂಪನಿ ಬಗ್ಗದಿದ್ದರೆ ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ. ಖರ್ಚಿಲ್ಲದ ದಾರಿ ಇದು. ನಂತರ ಜಿಲ್ಲಾ ಗ್ರಾಹಕರ ಆಯೋಗ. ಗಾಡಿ ಕೊಂಡದ್ದು ಬೆಂಗಳೂರಾದರೂ, 2019ರ ಗ್ರಾಹಕರ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಶಿವಮೊಗ್ಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗವೇ ಸಾಕು. 10ರಿಂದ 20 ಲಕ್ಷದ ನಡುವಿನ ನಿಮ್ಮ ಗಾಡಿಗೆ ಶುಲ್ಕ 400 ರೂಪಾಯಿ. ಡೀಲರ್ ಮತ್ತು ತಯಾರಕರು ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಕಾಯ್ದೆಯ ಸೆಕ್ಷನ್ 38ರ ಅಡಿ, ಪರೀಕ್ಷೆಯಿಲ್ಲದೆ ತಿಳಿಯದ ದೋಷವನ್ನು ಲ್ಯಾಬ್ ಪರೀಕ್ಷೆಗೆ ಕಳಿಸುವಂತೆ ದೂರಿನ ಜೊತೆಯಲ್ಲೇ ಅರ್ಜಿ ಕೊಡಿ, ಅದರ ಶುಲ್ಕವನ್ನು ಮೊದಲು ನೀವೇ ಕಟ್ಟಬೇಕಾಗುತ್ತದೆ. ತಜ್ಞರ ವರದಿಯಿಲ್ಲದೆ ‘ತಯಾರಿಕೆಯ ದೋಷ’ ಎಂಬ ವಾದ ನಿಲ್ಲುವುದು ಕಷ್ಟ. ಇದೆಲ್ಲ ನಡೆಯುವಾಗ ಸಾಲದ ಕಂತು ನಿಲ್ಲಿಸಬೇಡಿ. ಬ್ಯಾಂಕಿಗೂ ಈ ಜಗಳಕ್ಕೂ ಸಂಬಂಧವಿಲ್ಲ, ಕೆಡುವುದು ನಿಮ್ಮ ಸಿಬಿಲ್ ಸ್ಕೋರ್. ಓಡೋಮೀಟರ್ ಮೇಲೂ ಕಣ್ಣಿರಲಿ. ಓಡಿಸಲು ಆಗುತ್ತಿಲ್ಲ ಎಂದು ದೂರಿ ಅದೇ ಗಾಡಿಯಲ್ಲಿ 40,000 ಕಿ.ಮೀ. ಮುಗಿಸಿದ್ದರೆ ಆಯೋಗ ಅದನ್ನು ಗಮನಿಸದೆ ಬಿಡುವುದಿಲ್ಲ.

ಘಾಟಿಯಲ್ಲೋ ಸರ್ಕಲ್‌ನಲ್ಲೋ ಎಳೆತವೇ ನಿಂತುಹೋಗುವಂತಾದರೆ ವಿಷಯ ಬೇರೆ. ಅದು ಸುರಕ್ಷತೆಯ ದೋಷ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ ಸೆಕ್ಷನ್ 110ಎ ಪ್ರಕಾರ ಕೇಂದ್ರ ಸರ್ಕಾರ ತಯಾರಕರಿಗೆ ರೀಕಾಲ್ ಆದೇಶ ಕೊಡಬಹುದು. ಅದಕ್ಕೆ ಬೇಕಾದ ದೂರುಗಳನ್ನು ವಾಹನ್ ಪೋರ್ಟಲ್‌ನಲ್ಲಿ ಮಾಲೀಕರೇ ದಾಖಲಿಸಬಹುದು. ಒಂದೇ ಮಾದರಿಯ ಗಾಡಿಯ ಮೇಲೆ ದೂರುಗಳು ನಿಗದಿತ ಸಂಖ್ಯೆ ಮುಟ್ಟಬೇಕು, ಆದ್ದರಿಂದ ಇಂಥದ್ದೇ ಗಾಡಿ ಇರುವ ಪರಿಚಯದವರಿಗೂ ಹೇಳಿ.

ಕೊನೆಯದಾಗಿ ತಾರೀಖಿನ ಮಾತು. ಆಯೋಗಕ್ಕೆ ಹೋಗಲು ತಕರಾರು ಹುಟ್ಟಿದ ದಿನದಿಂದ ಎರಡು ವರ್ಷ ಮಾತ್ರ ಅವಕಾಶ. ಕಂಪನಿ ಜೊತೆ ಇಮೇಲ್ ಓಡಾಡುತ್ತಿದೆ ಎಂಬ ಕಾರಣಕ್ಕೆ ಆ ಗಡಿಯಾರ ನಿಲ್ಲುವುದಿಲ್ಲ. ಮೊದಲ ಜಾಬ್ ಕಾರ್ಡ್‌ನ ತಾರೀಖಿಗೆ ಎರಡು ವರ್ಷ ಕೂಡಿಸಿ, ಅದರಿಂದ ಮೂರು ತಿಂಗಳು ಹಿಂದೆ ಬಂದು, ಆ ದಿನವನ್ನು ಮನೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ಅಷ್ಟರಲ್ಲಿ ಕ್ಲಚ್ ಬದಲಾಗದಿದ್ದರೆ ವಕೀಲರಿಗೆ ಕಡತ ಒಪ್ಪಿಸುವ ದಿನ ಅದು.